ಕ್ಲೋಸ್‌ಪೇಟೆ ಟೈಮ್

ನಮ್ಮ ಕಡೆ ಆರ್‌ಟಿಸಿ ಅಂದರೆ ಪಹಣಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ತಾಲ್ಲೂಕಿಗೆ ಹೋಗಿ "ಆರ್‌ಟಿಸಿ ಸರಿ ಇಲ್ಲ" ಅಂತ ಹೇಳಿ ನೋಡಿ. ಎದುರಿಗಿದ್ದವರು ಸರ್ವೆ ನಂಬರು ಎಷ್ಟು, ತಕರಾರು ಯಾರದು ಅಂತ ಕೇಳುತ್ತಾರೆ :) ನಾನು ಇಂಜಿನಿಯರಿಂಗ್ ಸೇರಿದ ಮೇಲೆ ಇನ್ನೊಂದು ಆರ್‌ಟಿಸಿ ಪರಿಚಯವಾಯಿತು. ರಿಯಲ್ ಟೈಮ್ ಕ್ಲಾಕ್. ಗಣಕಯಂತ್ರವನ್ನು ಆರಿಸಿ, ಪ್ಲಗ್ ಕಿತ್ತು, ಊರಿಗೆ ಹೋಗಿ ಹಬ್ಬ ಮುಗಿಸಿ ಬಂದರೂ ಒಳಗೆ ತನ್ನ ಪಾಡಿಗೆ ತಾನು ಓಡುತ್ತಿರುವ ಪುಟ್ಟ ಗಡಿಯಾರ.

ಈ ಎರಡು ಆರ್‌ಟಿಸಿಗಳು ಒಂದು ದಿನ ಕನಕಪುರದಲ್ಲಿ ಎದುರಾದವು. ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ರೈತರು ಬ್ಯಾಂಕಿನ ಸಾಲಕ್ಕೆ ಪಹಣಿ ಪ್ರಿಂಟ್ ಬೇಕು ಅಂತ ಕಾದು ಕೂತಿದ್ದರು. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಸರ್ಕಾರದ ಯಾವ ಪುಟವೂ ತೆರೆಯುತ್ತಿಲ್ಲ. "ಸರ್ವರ್ ಡೌನು ಗೌಡ್ರೆ, ನಾಳೆ ಬನ್ನಿ" ಅಂದ ಹುಡುಗ. "ನೆನ್ನೇನೂ ಅದೇ ಅಂದೆ ಕಣಪ್ಪ, ನಾಳೆ ಬ್ಯಾಂಕ್ನೋರು ಕಡೇ ದಿನ ಅಂದವ್ರೆ" ಅಂದರು ಅವರು. ನಾನು ಪರದೆಯ ಮೂಲೆ ನೋಡಿದೆ. ಅದರ ಪ್ರಕಾರ ಅಂದು 2009ರ ಜನವರಿ 1!

ಸರ್ವರ್ ಚೆನ್ನಾಗೇ ಇತ್ತು. ಸತ್ತಿದ್ದು ಮದರ್‌ಬೋರ್ಡಿನ ಸೆಲ್ಲು, ಐದು ರೂಪಾಯಿ ನಾಣ್ಯದಂತೆ ಕಾಣುವ ಸಿಆರ್2032. ಅದಿಲ್ಲದೆ ಕರೆಂಟು ಹೋದಾಗಲೆಲ್ಲ ಗಡಿಯಾರ ಕಾರ್ಖಾನೆಯಲ್ಲಿ ಇಟ್ಟ ದಿನಾಂಕಕ್ಕೆ ಮರಳುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಒಂದು ಅವಧಿ ಇರುತ್ತದೆ. 2009ರಲ್ಲಿ ಕೂತ ಬ್ರೌಸರಿಗೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಅದು ನಂಬುವುದಿಲ್ಲ. ಪಕ್ಕದ ಅಂಗಡಿಯಿಂದ ಸೆಲ್ ತಂದು ಹಾಕಿ, ದಿನಾಂಕ ಸರಿಮಾಡಿದ ಮೇಲೆ ಪಹಣಿ ಬಂತು. ಒಂದು ಆರ್‌ಟಿಸಿ ಕೆಟ್ಟಿದ್ದಕ್ಕೆ ಇನ್ನೊಂದು ಆರ್‌ಟಿಸಿ ಸಿಕ್ಕಿರಲಿಲ್ಲ, ಅಷ್ಟೇ.

ಆ ಹುಡುಗ ಕೇಳಿದ ಒಂದು ಪ್ರಶ್ನೆಯಿಂದ ಈ ಬರಹ ಹುಟ್ಟಿತು: "ಅಣ್ಣಾ, ಟೈಮ್ ಝೋನಲ್ಲಿ ಬೆಂಗ್ಳೂರೇ ಇಲ್ವಲ್ಲ, ಕೋಲ್ಕತಾ ಅಂತಿದೆ. ಅದೇ ಒತ್ಲಾ?"

ಒಳಗಿನ ಗಡಿಯಾರ

ಮೊದಲು ಆ ಪುಟ್ಟ ಗಡಿಯಾರದ ವಿಷಯ. ಅದರೊಳಗೆ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಯಾಕೆ ಈ ವಿಚಿತ್ರ ಸಂಖ್ಯೆ? ಅದನ್ನು ಎರಡರಿಂದ 15 ಸಲ ಭಾಗಿಸಿದರೆ ಸರಿಯಾಗಿ ಒಂದು ಬರುತ್ತದೆ, ಅಂದರೆ ಒಂದು ಸೆಕೆಂಡು. ಗೋಡೆಯ ಕ್ವಾರ್ಟ್ಜ್ ಗಡಿಯಾರದಲ್ಲೂ ಇದೇ ಚೂರು. ಸಾಧಾರಣ ಸ್ಫಟಿಕ ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಬಹುದು. ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಹತ್ತಿರ ಹತ್ತಿರ 52 ಸೆಕೆಂಡು. ತೀರಾ ಸೆಕೆಯಾದರೂ ತೀರಾ ಚಳಿಯಾದರೂ ಅದು ನಿಧಾನವಾಗುತ್ತದೆ.

1981ರ ಐಬಿಎಂ ಪಿಸಿಯಲ್ಲಿ ಬ್ಯಾಟರಿ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಶುರುವಾದಾಗ ಡಾಸ್ "ಇವತ್ತು ತಾರೀಕು ಎಷ್ಟು, ಗಂಟೆ ಎಷ್ಟು" ಅಂತ ನಮ್ಮನ್ನೇ ಕೇಳುತ್ತಿತ್ತು. 1984ರ ಪಿಸಿ ಎಟಿಯಲ್ಲಿ ಮೊಟೊರೊಲಾದ ಚಿಪ್ಪೊಂದು ಬ್ಯಾಟರಿ ಸಮೇತ ಬಂತು. ಅದರಲ್ಲಿ ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಕು, ತಿಂಗಳು, ವರ್ಷದ ಕೊನೆಯ ಎರಡಂಕಿ, ಇಷ್ಟಕ್ಕೂ ಒಂದೊಂದು ಮನೆ ಇತ್ತು. ಒಂದಕ್ಕೆ ಮಾತ್ರ ಮನೆ ಇರಲಿಲ್ಲ: ಈ ಸಮಯ *ಯಾವ ಊರಿನದು* ಅನ್ನುವುದಕ್ಕೆ.

ಡಾಸ್‌ಗೆ ಊರು ಕೇರಿಯ ಗೊಡವೆ ಇರಲಿಲ್ಲ. ನಮ್ಮ ಕೈಗಡಿಯಾರದ ಸಮಯವನ್ನೇ ಚಿಪ್ಪಿಗೆ ಬರೆಯುತ್ತಿತ್ತು. ಹಳೆಯದರ ಜೊತೆ ಹೊಂದಿಕೊಳ್ಳಬೇಕಲ್ಲ ಅಂತ ವಿಂಡೋಸೂ ಅದೇ ಪದ್ಧತಿ ಮುಂದುವರಿಸಿತು. ಯುನಿಕ್ಸ್ ಮನೆತನದವರದ್ದು ಬೇರೆ ದಾರಿ. ಅವರು 1970ರ ಜನವರಿ 1ರಿಂದ ಜಗತ್ತಿಗೆಲ್ಲ ಒಂದೇ ಎಣಿಕೆ ಇಡುತ್ತಾರೆ. ಚಿಪ್ಪಿನಲ್ಲಿ ಜಾಗತಿಕ ಸಮಯ, ಅಂದರೆ ಯುಟಿಸಿ. ಊರಿನ ಸಮಯ ಬೇಕಾದಾಗ ಲೆಕ್ಕ ಹಾಕಿ ತೋರಿಸುವುದು. ಒಂದೇ ಪೆಟ್ಟಿಗೆಯಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೆ ಇದರ ಫಲ ಗೊತ್ತು. ವಿಂಡೋಸ್ ಬೆಳಗ್ಗೆ 10 ಅಂತ ಬರೆದಿಟ್ಟಿದ್ದನ್ನು ಲಿನಕ್ಸ್ ಯುಟಿಸಿ ಅಂದುಕೊಂಡು ಐದೂವರೆ ಗಂಟೆ ಕೂಡಿಸಿ ಮಧ್ಯಾಹ್ನ ಮೂರೂವರೆ ಅನ್ನುತ್ತದೆ.

ಇಬ್ಬರಲ್ಲಿ ಯಾರ ಪದ್ಧತಿ ಸರಿ? ಉತ್ತರ ಚಿಪ್ಪಿನಲ್ಲಿಲ್ಲ, ನಮ್ಮೂರಿನ ಇತಿಹಾಸದಲ್ಲಿದೆ ಅಂತ ನನಗನ್ನಿಸುತ್ತದೆ. "ನಮ್ಮ ಊರಿನ ಸಮಯ" ಅನ್ನುವುದೇನು ಕಲ್ಲಿನಲ್ಲಿ ಕೆತ್ತಿದ್ದಾ? ನೋಡೋಣ.

ಗಳಿಗೆ ಬಟ್ಟಲಿನಿಂದ ಮದರಾಸಿನವರೆಗೆ

ಗಡಿಯಾರ ಬರುವ ಮುಂಚೆ ನಮ್ಮ ಜನಕ್ಕೆ ಹೊತ್ತು ಇತ್ತು. ಕೋಳಿ ಕೂಗೋ ಹೊತ್ತು, ಹೊತ್ತಾರೆ, ಮಾರು ಹೊತ್ತೇರಿದ ಮೇಲೆ, ಬೈಗು. ನಿಖರವಾಗಿ ಬೇಕಾದವರಿಗೆ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿನ ತಾಮ್ರದ ಬಟ್ಟಲು ನೀರಲ್ಲಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಎಣಿಕೆ ಶುರುವಾಗುವುದು ಆಯಾ ಊರಿನ ಸೂರ್ಯೋದಯದಿಂದ. ಪಂಚಾಂಗದವರು ಲಂಕೆ, ಉಜ್ಜಯಿನಿಯ ಮೇಲೆ ಹಾದುಹೋಗುವ ರೇಖೆಯನ್ನು ಮೂಲವಾಗಿಟ್ಟುಕೊಂಡು, ತಮ್ಮೂರು ಅದರಿಂದ ಎಷ್ಟು ಆಚೀಚೆ ಅಂತ ನೋಡಿ ದೇಶಾಂತರ ಸಂಸ್ಕಾರ ಮಾಡುತ್ತಿದ್ದರು. ಒಂದು ಮೂಲ ಎಣಿಕೆ, ಅದಕ್ಕೆ ಊರಿನ ವ್ಯತ್ಯಾಸ ಕೂಡಿಸು ಅಥವಾ ಕಳೆ. ಯುನಿಕ್ಸ್‌ನವರು ಮಾಡುವುದೂ ಇದನ್ನೇ ಅಲ್ವಾ?

ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ನಾಲ್ಕು ಊರುಗಳ ರೇಖಾಂಶ ತೆಗೆದುಕೊಂಡು ಲೆಕ್ಕ ಹಾಕಿದೆ: ಚನ್ನಪಟ್ಟಣ ಸುಮಾರು 77.20 ಡಿಗ್ರಿ, ಮಾಗಡಿ 77.23, ರಾಮನಗರ 77.28, ಕನಕಪುರ 77.42. ಕನಕಪುರದಲ್ಲಿ ನೆತ್ತಿಗೇರಿದ ಸೂರ್ಯ ಚನ್ನಪಟ್ಟಣದಲ್ಲಿ ನೆತ್ತಿಗೆ ಬರಲು ಇನ್ನೂ 50 ಸೆಕೆಂಡಿನ ಮೇಲೆ ಬೇಕು. ಅಂದರೆ ನಿಮ್ಮ ಕಂಪ್ಯೂಟರಿನ ಸ್ಫಟಿಕ ಒಂದು ತಿಂಗಳಲ್ಲಿ ತಪ್ಪುವಷ್ಟು! ಬೆಂಗಳೂರಿಗೂ ಮೈಸೂರಿಗೂ ಅಂತರ ನಾಲ್ಕು ನಿಮಿಷಕ್ಕೆ ಸ್ವಲ್ಪ ಕಡಿಮೆ. ಎತ್ತಿನ ಗಾಡಿಯ ಕಾಲದಲ್ಲಿ ಇದು ಯಾರಿಗೆ ಬೇಕಿತ್ತು?

ರೈಲಿಗೆ ಬೇಕಿತ್ತು. 1876–78ರ ಭೀಕರ ಧಾತು ಬರದ ನಂತರ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಾದಿಯ ಕೆಲಸ ನಡೆದು, 1881–82ರಲ್ಲಿ ರೈಲು ಓಡಿತು. ಹಾದಿಯಲ್ಲಿ ಬಿಡದಿ, ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರ, ಚನ್ನಪಟ್ಟಣ. (ಮಾಗಡಿ, ಕನಕಪುರಕ್ಕೆ ರೈಲು ಬರಲಿಲ್ಲ.) ಒಂದೇ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳಿಗೆ ಊರಿಗೊಂದು ಸಮಯ ಇದ್ದರೆ ಅನಾಹುತವೇ. ಹಾಗಾಗಿ ಭಾರತದ ರೈಲುಗಳು ಆಗ ಮದರಾಸ್ ಟೈಮ್ ಅನುಸರಿಸುತ್ತಿದ್ದವು.

ಮದರಾಸೇ ಯಾಕೆ? ಅಲ್ಲಿ ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯ ಇತ್ತು. 1802ರಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮ್ ಎಂಬ ಖಗೋಳಜ್ಞ ಮದರಾಸಿನ ರೇಖಾಂಶವನ್ನು ನಿಗದಿಪಡಿಸಿದ್ದ. ನಕ್ಷತ್ರ ನೋಡಿ ಸಮಯ ಹಿಡಿದು ತಂತಿಯ ಮೂಲಕ ಕಳಿಸುವ ವ್ಯವಸ್ಥೆ ಅಲ್ಲಿತ್ತು. ಮುಂಬಯಿ ಒಂದು ತುದಿ, ಕಲ್ಕತ್ತ ಇನ್ನೊಂದು ತುದಿ, ಮದರಾಸು ನಡುವೆ. ಇಬ್ಬರ ಜಗಳಕ್ಕೆ ಮಧ್ಯಸ್ಥಿಕೆಯೂ ಆಯಿತು.

ಮದರಾಸಿನ ಸೂರ್ಯ ಕ್ಲೋಸ್‌ಪೇಟೆಯ ಸೂರ್ಯನಿಗಿಂತ 12 ನಿಮಿಷ ಮುಂದೆ. ಯಾರಾದರೂ ಮಧ್ಯಾಹ್ನದ ನೆರಳು ನೋಡಿ ಗಡಿಯಾರ ಇಟ್ಟುಕೊಂಡು "ಗಾಡಿಗೆ ಇನ್ನೂ ಹತ್ತು ನಿಮಿಷ ಇದೆ" ಅಂತ ಸ್ಟೇಷನ್ನಿಗೆ ಹೊರಟಿದ್ದರೆ, ಗಾಡಿ ಆಗಲೇ ಹೋಗಿರುತ್ತಿತ್ತು. ಸೂರ್ಯನ ಲೆಕ್ಕದಲ್ಲಿ ಅವರದು ತಪ್ಪಿಲ್ಲ, ಒಪ್ಪಂದದ ಲೆಕ್ಕದಲ್ಲಿ ತಪ್ಪು.

ಒಂದು ಸ್ವಾರಸ್ಯ ಕೇಳಿ. ಆ ಮದರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. ಅದರ ವಾರಸುದಾರ ಸಂಸ್ಥೆಯೇ ಭಾರತೀಯ ಖಭೌತ ಸಂಸ್ಥೆ, 1975ರಲ್ಲಿ ಬೆಂಗಳೂರಿಗೆ ಬಂದು ಈಗ ಕೋರಮಂಗಲದಲ್ಲಿದೆ. ನಮ್ಮ ಹಳ್ಳಿ ಸ್ಟೇಷನ್ನುಗಳಿಗೆ ಸಮಯ ಹೇಳಿದ ಮನೆತನದ ಮುಂದೆಯೇ ಎಷ್ಟು ಸಾಫ್ಟ್‌ವೇರ್ ಜನ ದಿನಾ ಟ್ರಾಫಿಕ್ಕಿನಲ್ಲಿ ನಿಂತು ಆಫೀಸಿಗೆ ತಡ ಮಾಡಿಕೊಳ್ಳುತ್ತಾರೋ :)

ಐದೂವರೆ ಎಲ್ಲಿಂದ ಬಂತು

1884ರಲ್ಲಿ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ಚನ್ನು ಜಗತ್ತಿನ ಮೂಲರೇಖೆ ಮಾಡಿತು. ಅದಕ್ಕೆ ಸುಲಭವಾಗಿ ಹೊಂದುವ ಅಂಕಿ ಬೇಕು ಅಂತ 1906ರ ಜನವರಿ 1ರಿಂದ ಭಾರತಕ್ಕೆ 82.5 ಡಿಗ್ರಿ ರೇಖೆಯ ಸಮಯ ಬಂತು. ಮಿರ್ಜಾಪುರದ ಬಳಿ ಹಾದುಹೋಗುವ ರೇಖೆ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಮದರಾಸ್ ಟೈಮಿನ ಗಡಿಯಾರಗಳು ಸುಮಾರು 9 ನಿಮಿಷ ಮುಂದೆ ಹೋದವು. ಕ್ಲೋಸ್‌ಪೇಟೆಯ ಗಡಿಯಾರ ತನ್ನ ಸೂರ್ಯನಿಗಿಂತ ಒಟ್ಟು 21 ನಿಮಿಷ ಮುಂದಾಯಿತು. ಹತ್ತಿರ ಹತ್ತಿರ ಒಂದು ಗಳಿಗೆ!

ಇದು ಈಗಲೂ ಹಾಗೇ ಇದೆ. ರಾಮನಗರದಲ್ಲಿ ಸೂರ್ಯ ನೆತ್ತಿಗೇರುವುದು ಹನ್ನೆರಡಕ್ಕಲ್ಲ, ಸರಾಸರಿ 12.21ಕ್ಕೆ. ಭೂಮಿಯ ಕಕ್ಷೆ ಮತ್ತು ಓರೆಯಿಂದಾಗಿ ಫೆಬ್ರವರಿ ನಡುವೆ ಅದು 12.35ರವರೆಗೆ ಹೋಗುತ್ತದೆ, ನವೆಂಬರ್ ಮೊದಲಲ್ಲಿ 12.05ರ ಹತ್ತಿರಕ್ಕೆ ಬರುತ್ತದೆ. ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಕೋಲು ನೆಟ್ಟು ನೀವೇ ನೋಡಬಹುದು, ಖರ್ಚಿಲ್ಲ.

ಎಲ್ಲರೂ ಒಪ್ಪಲಿಲ್ಲ ಅನ್ನುವುದೂ ಇತಿಹಾಸ. ಕಲ್ಕತ್ತ ತನ್ನದೇ ಸಮಯವನ್ನು 1948ರವರೆಗೆ, ಮುಂಬಯಿ 1955ರವರೆಗೆ ಉಳಿಸಿಕೊಂಡವು. ವಿಂಡೋಸಿನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬಯಿ, ನವದೆಹಲಿ ಅಂತ ಒಂದೇ ಸಾಲಿನಲ್ಲಿ ಕೈಕೈ ಹಿಡಿದು ನಿಂತಿರುವುದನ್ನು ನೋಡಿದರೆ, ಒಂದು ಕಾಲಕ್ಕೆ ಇವು ಮೂರು ಬೇರೆ ಬೇರೆ ಸಮಯದ ಊರುಗಳು ಅಂತ ಯಾರಿಗೆ ನೆನಪಾಗುತ್ತದೆ?

ಕೋಲ್ಕತಾ ಅನ್ನುವ ಕಡತ

ಈಗ ಹುಡುಗನ ಪ್ರಶ್ನೆಗೆ ಬರೋಣ. ಲಿನಕ್ಸ್, ಆಂಡ್ರಾಯ್ಡ್ ಮುಂತಾದವು ಟೈಮ್ ಝೋನ್ ದತ್ತಸಂಚಯ ಒಂದನ್ನು ಬಳಸುತ್ತವೆ. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ್ದು, ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. ಪ್ರತಿ ಪ್ರದೇಶಕ್ಕೆ ಒಂದು ದೊಡ್ಡ ಊರಿನ ಹೆಸರು. ನಮಗೆ ಸಿಕ್ಕಿದ್ದು ಏಷ್ಯಾ/ಕಲ್ಕತ್ತ. 2008ರಲ್ಲಿ ಅದು ಏಷ್ಯಾ/ಕೋಲ್ಕತಾ ಆಯಿತು. ಹಳೆ ಹೆಸರನ್ನು ಕಿತ್ತೆಸೆಯಲಿಲ್ಲ. ಹಳೆ ತಂತ್ರಾಂಶ ಹಳೆ ಹೆಸರಲ್ಲಿ ಕೂಗಿದರೂ ಓಗೊಡಲಿ ಅಂತ ಉಳಿಸಿಕೊಂಡರು.

ಇದು ನಮ್ಮೂರಿಗೆ ಹೊಸದೇ? ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ, 2007ರಲ್ಲಿ ಜಿಲ್ಲೆ. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ರಾಜ್ಯ ಸಂಪುಟ ತೀರ್ಮಾನಿಸಿತು. ಆದರೆ ಭೂವಿಜ್ಞಾನಿಗಳು ಸುಮಾರು 250 ಕೋಟಿ ವರ್ಷ ಹಳೆಯ ಆ ಬಂಡೆಗಳನ್ನು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಬಂಡೆಗೆ ಯಾವ ಹೆಸರಾದರೂ ಒಂದೇ, ಹುಡುಕುವವನಿಗೆ ಹಳೇ ಹೆಸರೂ ಸಿಗಬೇಕು.

ಆ ಕೋಲ್ಕತಾ ಕಡತವನ್ನು ತೆರೆದು ಓದಿ. ಕೆಲವೇ ಸಾಲು. ಮೊದಲು ಕೋಲ್ಕತಾದ ಸ್ಥಳೀಯ ಸಮಯ. 1854ರಿಂದ ಎಚ್‌ಎಂಟಿ! ನಾನು ಒಂದು ಕ್ಷಣ ನಮ್ಮ ಎಚ್‌ಎಂಟಿ ವಾಚೇ ಬಂತು ಅಂದುಕೊಂಡೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ತೆರೆದು, ನಮ್ಮ ಅಜ್ಜಂದಿರ ಕೈಗೆಲ್ಲ ಸಮಯ ಕಟ್ಟಿದ್ದು ಅದೇ ತಾನೆ? ಆದರೆ ಇಲ್ಲಿ ಎಚ್‌ಎಂಟಿ ಅಂದರೆ ಹೌರಾ ಮೀನ್ ಟೈಮ್. 1870ರಿಂದ ಮದರಾಸ್ ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡು. 1906ರಿಂದ ಐದೂವರೆ.

ಗಮನಿಸಿ, ಕಲ್ಕತ್ತ ನಗರದ ಜನ 1948ರವರೆಗೂ ತಮ್ಮದೇ ಸಮಯ ಇಟ್ಟುಕೊಂಡಿದ್ದರಲ್ಲ? ಹಾಗಿದ್ದರೆ ಈ ಕಡತದ ನಡುವಿನ ಸಾಲುಗಳು ಆ ನಗರಕ್ಕಿಂತ ರೈಲು ಹಾದಿಗೇ ಹೆಚ್ಚು ಹೊಂದುತ್ತವೆ. ಹೆಸರು ಕೋಲ್ಕತಾದ್ದಾದರೂ ಕಥೆ ಚನ್ನಪಟ್ಟಣ ಸ್ಟೇಷನ್ನಿನದು. "ಅದೇ ಒತ್ತಪ್ಪ, ಧೈರ್ಯವಾಗಿ ಒತ್ತು" ಅಂದೆ.

ಜಾತಕದಲ್ಲಿ ಯಾವ ಗಂಟೆ?

ಕಡತದಲ್ಲಿ ಇನ್ನೊಂದು ಸಾಲಿದೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರ ಒಂದು ಗಂಟೆ ಮುಂದಿತ್ತು. ಆರೂವರೆ ಗಂಟೆ! ಇದನ್ನು ಓದಿದ ಮೇಲೆ ನನಗೆ ಮನೆಯ ಹಳೇ ಕಾಗದಗಳ ನೆನಪಾಯಿತು.

ನಮ್ಮಜ್ಜಿ ಹುಟ್ಟಿದ್ದು 1943, ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ. ಅವರ ಜಾತಕದಲ್ಲಿ ಗಂಟೆ ನಿಮಿಷ ಇಲ್ಲ. ಸೂರ್ಯೋದಯದಿಂದ ಇಷ್ಟು ಗಳಿಗೆ ಅಂತ ಮಾತ್ರ ಇದೆ. ಅಜ್ಜಿಯ ತಮ್ಮ ಹುಟ್ಟಿದ್ದು 1945ರ ಜನವರಿ, ಆಸ್ಪತ್ರೆಯಲ್ಲಿ. ಅವರದ್ದು ಆಧುನಿಕ ಚೀಟಿ: ಬೆಳಗ್ಗೆ 7-10. ಎರಡರಲ್ಲಿ ಯಾವುದು ನಿಖರ? ನೋಡಿದರೆ ಎರಡನೆಯದು ಅನ್ನಿಸುತ್ತದೆ.

ಆ 7-10 ಯುದ್ಧಕಾಲದ ಗಡಿಯಾರದ್ದಾದರೆ ಈಗಿನ ಲೆಕ್ಕದಲ್ಲಿ 6.10. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಸುಮಾರಿಗೆ. ಪಂಚಾಂಗದ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅಂದರೆ 7-10 ಅಂತ ಓದಿದರೆ ಒಂದು ವಾರ, 6.10 ಅಂತ ಓದಿದರೆ ಹಿಂದಿನ ದಿನದ ವಾರ! ಲಗ್ನ ಸುಮಾರು ಎರಡು ಗಂಟೆಗೊಂದು ಬದಲಾಗುವುದರಿಂದ ಅದೂ ಜಾರಬಹುದು. ಜಾತಕ ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಅದನ್ನು ನೋಡಿ ಮದುವೆಗಳೇ ನಿಂತಿವೆ, ನಡೆದಿವೆ. ಚೀಟಿ ಬರೆದವರು ಯಾವ ಗಡಿಯಾರ ಅಂತ ಹೇಳಲಿಲ್ಲ, ಈಗ ಕೇಳಲು ಯಾರೂ ಇಲ್ಲ.

ಅಜ್ಜಿಯ ಗಳಿಗೆಗಳಿಗೆ ಈ ತಾಪತ್ರಯವಿಲ್ಲ. ಯಾವ ಸರ್ಕಾರ ಗಡಿಯಾರವನ್ನು ಎಷ್ಟು ತಿರುಗಿಸಿದರೂ ಆ ದಿನ ಆ ಊರಿನ ಸೂರ್ಯೋದಯ ಇಂದಿಗೂ ಲೆಕ್ಕಕ್ಕೆ ಸಿಗುತ್ತದೆ. ಎಲ್ಲಿಂದ ಎಣಿಸಿದೆವು ಅನ್ನುವುದು ಬರಹದಲ್ಲೇ ಇದೆ.

ಚಿಪ್ಪಿನಲ್ಲಿ ಯುಟಿಸಿ ಇಡಬೇಕು ಅನ್ನುವ ವಾದ ಇಷ್ಟೇ. ನಮ್ಮೂರಿನ ಸಮಯ ನೂರೈವತ್ತು ವರ್ಷದೊಳಗೆ ಸೂರ್ಯನದಾಗಿತ್ತು, ಮದರಾಸಿನದಾಯಿತು, ಮಿರ್ಜಾಪುರದ್ದಾಯಿತು, ಯುದ್ಧದಲ್ಲಿ ಒಂದು ಗಂಟೆ ಮುಂದೋಡಿ ವಾಪಸು ಬಂತು. ಬದಲಾಗುವುದನ್ನು ಬದಲಾಗದ ಎಣಿಕೆಯ ಜೊತೆ ಕಲಸಬಾರದು. ಎಣಿಕೆ ಚಿಪ್ಪಿನಲ್ಲಿರಲಿ, ಊರಿನ ಒಪ್ಪಂದಗಳ ಇತಿಹಾಸ ಕೋಲ್ಕತಾ ಕಡತದಲ್ಲಿರಲಿ. ಡಾಸ್ ಮಾಡಿದ್ದು ಆಸ್ಪತ್ರೆ ಚೀಟಿಯ ಕೆಲಸ.

ಮಾಗಡಿ ಕಡೆಯ ಪರಮಾಣು ಗಡಿಯಾರ

ಭಾರತದ ಅಧಿಕೃತ ಸಮಯ ನೋಡಿಕೊಳ್ಳುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆದರೆ ಮದರಾಸಿನ ತಂತಿಗೆ ಕಾಯುತ್ತಿದ್ದ ನಮ್ಮ ಸೀಮೆಯ ಪಕ್ಕದಲ್ಲೇ ಈಗ ಇನ್ನೊಂದು ಗಡಿಯಾರ ಇದೆ. ಬೆಂಗಳೂರಿಗೂ ಮಾಗಡಿಗೂ ನಡುವಿನ ಬ್ಯಾಲಾಳು ಗೊತ್ತಲ್ಲ? 2008ರಲ್ಲಿ ಚಂದ್ರಯಾನದ ಹೊತ್ತಿಗೆ ಇಸ್ರೋ ದೊಡ್ಡ ಆಂಟೆನಾ ನಿಲ್ಲಿಸಿದ ಹಳ್ಳಿ. 2013ರಲ್ಲಿ ಅಲ್ಲೇ ಇಸ್ರೋದ ಪಥದರ್ಶಕ ಕೇಂದ್ರ ಶುರುವಾಯಿತು. ನಾವಿಕ್ ಉಪಗ್ರಹಗಳಿಗೆ ಬೇಕಾದ ಸಮಯವನ್ನು ಪರಮಾಣು ಗಡಿಯಾರಗಳಿಂದ ಅಲ್ಲಿ ಹಿಡಿಯುತ್ತಾರೆ. ಇಲ್ಲಿ ನಿಮಿಷದ ಮಾತಿಲ್ಲ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ, ಸಮಯ ಅಷ್ಟು ತಪ್ಪಿದರೆ ದೂರದ ಲೆಕ್ಕವೂ ಅಷ್ಟು ತಪ್ಪುತ್ತದೆ.

ನಾವಿಕ್ ಎಣಿಕೆ ಶುರುವಾಗುವುದು 1999ರ ಆಗಸ್ಟ್ 22ರ ಯುಟಿಸಿ ಮಧ್ಯರಾತ್ರಿಯಿಂದ. ಒಂದು ಮೂಲಬಿಂದು, ಅಲ್ಲಿಂದ ನಿಲ್ಲದ ಎಣಿಕೆ. ಬ್ಯಾಲಾಳಿನ ಸೂರ್ಯ ಎಷ್ಟು ಹೊತ್ತಿಗೆ ನೆತ್ತಿಗೇರುತ್ತಾನೆ ಅಂತ ಆ ಗಡಿಯಾರ ಕೇಳುವುದಿಲ್ಲ.

ಕೊನೆಗೆ ಕೈಯಲ್ಲಿ ಮಾಡಬಹುದಾದ ಕೆಲಸ. ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡವರು ವಿಂಡೋಸ್ ರಿಜಿಸ್ಟ್ರಿಯಲ್ಲಿ ಟೈಮ್ ಝೋನ್ ಮಾಹಿತಿಯ ಕೆಳಗೆ "ರಿಯಲ್‌ಟೈಮ್‌ಈಸ್‌ಯೂನಿವರ್ಸಲ್" ಅನ್ನುವ ಹೆಸರಲ್ಲಿ 1 ಹಾಕಿ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್‌ಗೆ "ಸೆಟ್-ಲೋಕಲ್-ಆರ್‌ಟಿಸಿ 0" ಅಂತ ಹೇಳಿ (ಎರಡನ್ನೂ ಇಂಗ್ಲಿಷಿನಲ್ಲೇ ಟೈಪಿಸಬೇಕು, ಗಣಕಕ್ಕೆ ಇನ್ನೂ ಅಷ್ಟು ಕನ್ನಡ ಬರುವುದಿಲ್ಲ). ಎರಡು ಕಡೆಯೂ ಅಂತರ್ಜಾಲದಿಂದ ಸಮಯ ಹೊಂದಿಸಿಕೊಳ್ಳುವುದನ್ನು ಚಾಲೂ ಇಡಿ. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಯಾರಾದರೂ "ಸರ್ವರ್ ಡೌನು" ಅಂದರೆ ಮೊದಲು ಪರದೆಯ ಮೂಲೆಯ ತಾರೀಕು ನೋಡಿ.

ಹಾಗೇ ಮನೆಯಲ್ಲಿ 1942ರಿಂದ 45ರ ನಡುವೆ ಹುಟ್ಟಿದ ಹಿರಿಯರಿದ್ದರೆ ಅವರ ಜಾತಕ ತೆಗೆದು ನೋಡಿ. ಗಳಿಗೆಯಲ್ಲಿದೆಯೋ, ಗಂಟೆಯಲ್ಲಿದೆಯೋ? ಗಂಟೆಯಲ್ಲಿದ್ದರೆ, ಅವರ ಊರಿನಲ್ಲಿ ಯುದ್ಧದ ಕಾಲದಲ್ಲಿ ಗಡಿಯಾರ ಮುಂದಿಟ್ಟಿದ್ದು ನೆನಪಿದೆಯಾ ಅಂತ ಅವರ ಅಕ್ಕ ಅಣ್ಣಂದಿರನ್ನು ಈಗಲೇ ಕೇಳಿ ಬರೆದಿಡಿ. ನನಗೂ ತಿಳಿಸಿ.